ಮಾಡಿನ ಮೇಲೆ ಸೋಲಾರು, ದೇಶಗಳ ನಡುವೆ ತಕರಾರು

ಅಕ್ಕ ತಂದ ಎರಡು ಕಾಗದ

ಪೆರ್ಡೂರಿನ ನಮ್ಮ ಸಂಜೆ ತರಗತಿಗೆ ಒಬ್ಬರು ಅಕ್ಕ ಬರುತ್ತಾರೆ. ಹಗಲು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಮಗ ದುಬೈಯಲ್ಲಿ ಇದ್ದಾನೆ. ಮನೆಯ ಹತ್ತಿರ ಸ್ವಲ್ಪ ಅಡಿಕೆ ತೋಟ ಉಂಟು. ಬಾವಿಗೆ ಪಂಪು ಉಂಟು, ಮನೆಯೊಳಗೆ ಫ್ರಿಜ್ಜು, ಗ್ರೈಂಡರು ಉಂಟು. ಗೃಹಜ್ಯೋತಿಯ ಮಿತಿ ದಾಟುವುದರಿಂದ ಕರೆಂಟು ಬಿಲ್ಲು ಬರುತ್ತದೆ.

ಒಂದು ದಿನ ಅಕ್ಕ ಎರಡು ಕಾಗದ ಹಿಡಿದುಕೊಂಡು ಬಂದರು.

"ಟೀಚರೇ, ಮಾಡಿನ ಮೇಲೆ ಸೋಲಾರ್ ಹಾಕಿಸುವ ಅಂತ ಉಂಟು. ಇಬ್ಬರು ಅಂಗಡಿಯವರು ದರ ಬರೆದು ಕೊಟ್ಟಿದ್ದಾರೆ. ಕಡಿಮೆಯದ್ದಕ್ಕೆ ಸಹಿ ಹಾಕುವುದಾ?"

"ಮೊದಲು ಓದುವ ಅಕ್ಕ. ಸಹಿ ಆಮೇಲೆ" ಎಂದೆವು.

ಅಕ್ಕ ಬೆರಳಿಟ್ಟು ಓದಿದರು. ಎರಡೂ 3 ಕಿಲೋವಾಟ್ ಸೋಲಾರ್. ಒಂದರ ದರ 1,95,000 ರೂಪಾಯಿ. ಇನ್ನೊಂದರದು 1,60,000 ರೂಪಾಯಿ. ವ್ಯತ್ಯಾಸ 35,000. ಮೊದಲನೇ ಕಾಗದದಲ್ಲಿ 'ಡಿ.ಸಿ.ಆರ್. ಪ್ಯಾನೆಲ್' ಎಂದಿತ್ತು. ಎರಡನೇ ಕಾಗದದ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಡಿ.ಸಿ.ಆರ್. ಅಲ್ಲ' ಎಂದಿತ್ತು.

"ಎಂತದು ಇದು ಡಿ.ಸಿ.ಆರ್.? ಎರಡಕ್ಕೂ ಸರಕಾರದ ದುಡ್ಡು ಬರ್ತದೆ ಅಂತ ಬಾಯಲ್ಲಿ ಹೇಳಿದ್ದಾರೆ" ಎಂದರು ಅಕ್ಕ.

ಬಾಯಲ್ಲಿ ಹೇಳಿದ್ದು ಬೇರೆ, ಕಾಗದದಲ್ಲಿ ಇರುವುದು ಬೇರೆ. ಆ ಮೂರು ಅಕ್ಷರದ ಹಿಂದೆ ದೊಡ್ಡ ಕತೆ ಉಂಟು. ಅಮೆರಿಕ, ಚೀನಾ, ಭಾರತ ಎಲ್ಲ ಆ ಕತೆಯಲ್ಲಿ ಬರುತ್ತವೆ. ನಮ್ಮ ಮಾಡಿಗೂ ಆ ದೇಶಗಳ ಜಗಳಕ್ಕೂ ಏನು ಸಂಬಂಧ? ನೋಡೋಣ.

ಸೆಲ್ ಮತ್ತು ಪ್ಯಾನೆಲ್

ಸೋಲಾರ್ ಪ್ಯಾನೆಲ್ ಎಂದರೆ ಮಾಡಿನ ಮೇಲೆ ಇಡುವ ಹಲಗೆ. ಅದರ ಗಾಜಿನ ಕೆಳಗೆ ನೀಲಿ ಅಥವಾ ಕಪ್ಪು ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಆ ಬಿಲ್ಲೆಗೆ ಸೆಲ್ ಎಂದು ಹೆಸರು. ಬಿಸಿಲನ್ನು ಕರೆಂಟು ಮಾಡುವುದು ಈ ಸೆಲ್.

ಸೆಲ್ ಮಾಡುವುದು ಕಷ್ಟದ ಕೆಲಸ. ಅದಕ್ಕೆ ದೊಡ್ಡ ಕಾರ್ಖಾನೆ ಬೇಕು. ಸೆಲ್ ತಂದು ಜೋಡಿಸಿ ಪ್ಯಾನೆಲ್ ಮಾಡುವುದು ಅದಕ್ಕಿಂತ ಸುಲಭ. ಹಾಗಾಗಿ ಪ್ಯಾನೆಲ್ ನಮ್ಮ ದೇಶದಲ್ಲೇ ಜೋಡಿಸಿದ್ದಾದರೂ, ಒಳಗಿನ ಸೆಲ್ ಹೊರದೇಶದ್ದು ಆಗಿರಬಹುದು.

ಡಿ.ಸಿ.ಆರ್. ಎಂದರೆ 'ಸ್ವದೇಶಿ ವಸ್ತು ಇರಬೇಕು' ಎಂಬ ಷರತ್ತು. ಪ್ಯಾನೆಲ್ ಕೂಡ ಭಾರತದ್ದು, ಒಳಗಿನ ಸೆಲ್ ಕೂಡ ಭಾರತದ್ದು ಆಗಿರಬೇಕು.

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದರಲ್ಲಿ 1 ಕಿಲೋವಾಟಿಗೆ 30,000 ರೂಪಾಯಿ, 2 ಕಿಲೋವಾಟಿಗೆ 60,000 ರೂಪಾಯಿ, 3 ಕಿಲೋವಾಟ್ ಮತ್ತು ಮೇಲಕ್ಕೆ 78,000 ರೂಪಾಯಿ ಕೇಂದ್ರ ಸರಕಾರದ ಸಹಾಯಧನ. ಆದರೆ ಡಿ.ಸಿ.ಆರ್. ಪ್ಯಾನೆಲ್ ಹಾಕಿದರೆ ಮಾತ್ರ.

ಈಗ ಅಕ್ಕ ಸ್ಲೇಟು ತೆಗೆದುಕೊಂಡು ಲೆಕ್ಕ ಮಾಡಿದರು. 1,95,000ದಲ್ಲಿ 78,000 ಕಳೆದರೆ 1,17,000. ಎರಡನೆಯದಕ್ಕೆ ಸಹಾಯಧನ ಇಲ್ಲ. ಹಾಗಾಗಿ 1,60,000ವೇ ಉಳಿಯಿತು.

"ಅಯ್ಯೋ ದೇವರೇ! ಕಡಿಮೆಯದ್ದೇ ಹೆಚ್ಚಾಯಿತಲ್ಲ!" ಎಂದರು ಅಕ್ಕ.

ಹೌದು. 43,000 ರೂಪಾಯಿ ಹೆಚ್ಚು. ಸರಕಾರ ಹೀಗೆ ಷರತ್ತು ಹಾಕುವುದು ಯಾಕೆ? ಹೊರದೇಶದ ಸೆಲ್ ಅಗ್ಗ ಯಾಕೆ?

ಸಹಾಯಧನ ಎಂದರೇನು?

ಸಹಾಯಧನಕ್ಕೆ ನಾವು ಸಬ್ಸಿಡಿ ಎನ್ನುತ್ತೇವೆ. ಅದು ಆಕಾಶದಿಂದ ಬೀಳುವ ದುಡ್ಡಲ್ಲ. ನಾವೆಲ್ಲ ಕೊಟ್ಟ ತೆರಿಗೆಯ ದುಡ್ಡು. ಒಳ್ಳೆಯದು ಎಂದು ಕಂಡ ಕೆಲಸಕ್ಕೆ ಸರಕಾರ ಅದನ್ನು ಕೊಡುತ್ತದೆ.

ನಮ್ಮ ಕಡೆಯಲ್ಲಿಯೇ ಒಂದು ಉದಾಹರಣೆ ಉಂಟು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಈ ಎರಡು ಬ್ಯಾಂಕುಗಳು ಮನೆಯ ಸೋಲಾರ್ ದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಕೊಟ್ಟವು. ಶೇಕಡಾ 12ರ ಸುಮಾರಿಗೆ ಇದ್ದ ಬಡ್ಡಿ ಶೇಕಡಾ 5ಕ್ಕೆ ಇಳಿಯಿತು. ಜನರಿಗೆ ರೂಢಿ ಆದ ಮೇಲೆ ಆ ನೆರವನ್ನು ಹಂತ ಹಂತವಾಗಿ ಕಡಿಮೆ ಮಾಡಿದರು. ಸಾವಿರಾರು ಮನೆಗಳಿಗೆ ಬೆಳಕು ಬಂತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಇಲ್ಲಿ ಸಹಾಯ ಸಿಕ್ಕಿದ್ದು ಕೊಳ್ಳುವವರ ಬಡ್ಡಿಗೆ. ಗೃಹಜ್ಯೋತಿಯೂ ಹಾಗೆಯೇ, ಮನೆಯವರ ಬಿಲ್ಲಿಗೆ. ಇಂಥ ಸಹಾಯದಿಂದ ಹೊರದೇಶದ ವ್ಯಾಪಾರಿಗೆ ತೊಂದರೆ ಇಲ್ಲ. 'ನಮ್ಮ ದೇಶದ ವಸ್ತು ಕೊಂಡರೆ ಮಾತ್ರ ದುಡ್ಡು' ಎಂದಾಗ ತಕರಾರು ಏಳುತ್ತದೆ.

ಸಂಕ್ರಮಣದ ಬಾಳೆಹಣ್ಣು

ಪೆರ್ಡೂರಿನ ಅನಂತಪದ್ಮನಾಭ ದೇವರಿಗೆ ಕದಳೀಪ್ರಿಯ ಎಂಬ ಹೆಸರು. ಸಂಕ್ರಮಣದ ದಿನ ಬಾಳೆಹಣ್ಣಿಗೆ ಎಷ್ಟು ಬೇಡಿಕೆ ಎಂದು ನಮಗೆಲ್ಲ ಗೊತ್ತು. ಸಿಂಹ ಸಂಕ್ರಮಣಕ್ಕೆ ಮದುಮಕ್ಕಳು ಬಂದರೆ ಹೇಳುವುದೇ ಬೇಡ.

ಒಂದು ಲೆಕ್ಕ ಮಾಡುವ. ಊರಿನವರು ಕಿಲೋ ಬಾಳೆಹಣ್ಣನ್ನು 60 ರೂಪಾಯಿಗೆ ಮಾರುತ್ತಾರೆ ಎನ್ನಿ. ಹೊರಗಿನಿಂದ ಒಬ್ಬ ಬಂದು 35 ರೂಪಾಯಿಗೆ ಮಾರಿದ. ಅವನಿಗೆ ಅದು ಹೇಗೆ ಸಾಧ್ಯ? ಮೂರು ಕಾರಣ ಇರಬಹುದು.

ಒಂದು: ಅವನ ತೋಟ ದೊಡ್ಡದು, ಕೆಲಸ ಚುರುಕು. ನಿಜವಾಗಿಯೂ ಅವನ ಖರ್ಚು ಕಡಿಮೆ.

ಎರಡು: ಅವನ ಹಿಂದೆ ನಿಂತು ಯಾರೋ ದುಡ್ಡು ಕೊಡುತ್ತಿದ್ದಾರೆ. ಗೊಬ್ಬರ ಪುಕ್ಕಟೆ, ಸಾಲ ಪುಕ್ಕಟೆ. ಇದು ಸಬ್ಸಿಡಿ.

ಮೂರು: ಬೇಕೆಂದೇ ನಷ್ಟಕ್ಕೆ ಮಾರುತ್ತಿದ್ದಾನೆ. ಊರಿನ ಅಂಗಡಿ ಮುಚ್ಚಿದ ಮೇಲೆ ಬೆಲೆ ಏರಿಸುವ ಎಂದು. ತನ್ನ ಊರಿನ ಬೆಲೆಗಿಂತಲೂ ಕಡಿಮೆಗೆ ಬೇರೆ ಊರಿನಲ್ಲಿ ತಂದು ಸುರಿಯುವುದಕ್ಕೆ ಡಂಪಿಂಗ್ ಎನ್ನುತ್ತಾರೆ.

ಕೊಳ್ಳುವವರ ಕಣ್ಣಿಗೆ ಮೂರೂ ಒಂದೇ. ಹಣ್ಣು ಅಗ್ಗ, ಅಷ್ಟೇ. ಮಾರುವವರಿಗೆ ಮಾತ್ರ ಮೂರೂ ಬೇರೆ ಬೇರೆ. ಮೊದಲನೆಯದು ಅವನ ಸಾಮರ್ಥ್ಯ. ಉಳಿದ ಎರಡರಲ್ಲಿ ನ್ಯಾಯ ಇಲ್ಲ ಎಂಬುದು ಅವರ ದೂರು.

ಸೋಲಾರ್ ಸೆಲ್ಲಿನ ಕತೆಯೂ ಇದೇ. ಇಂದು ಜಗತ್ತಿನ ಸೋಲಾರ್ ತಯಾರಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಚೀನಾದ್ದು. ಅಲ್ಲಿಯ ಕಾರ್ಖಾನೆಗಳು ದೊಡ್ಡವು, ಕೆಲಸ ಚುರುಕು. ಅದರ ಜೊತೆಗೆ ಸರಕಾರದ ನೆರವೂ ಉಂಟು. ಎಷ್ಟು ಪಾಲು ಸಾಮರ್ಥ್ಯ, ಎಷ್ಟು ಪಾಲು ನೆರವು? ಜಗಳ ಇರುವುದು ಇಲ್ಲಿಯೇ. 2012ರಲ್ಲಿ ಅಮೆರಿಕ ಚೀನಾದ ಸೋಲಾರ್ ಸೆಲ್ಲಿನ ಮೇಲೆ ಹೆಚ್ಚಿನ ಸುಂಕ ಹಾಕಿತು. ಭಾರತವೂ 2018ರ ಜುಲೈಯಲ್ಲಿ ಹೊರಗಿನ ಸೆಲ್, ಪ್ಯಾನೆಲ್ಲುಗಳ ಮೇಲೆ ಶೇಕಡಾ 25 ಸುಂಕ ಹಾಕಿತು. 2022ರ ಏಪ್ರಿಲ್ 1ರಿಂದ ಪ್ಯಾನೆಲ್ಲಿಗೆ ಶೇಕಡಾ 40, ಸೆಲ್ಲಿಗೆ ಶೇಕಡಾ 25 ಎಂದಾಯಿತು. ಆಮೇಲೆ ಸುಂಕದ ಲೆಕ್ಕ ಬದಲಾಗಿದೆ, ಆದರೆ ಸುಂಕ ಹೋಗಿಲ್ಲ.

ಸುಂಕ ಎಂದರೆ ಗಡಿಯಲ್ಲಿ ಕೊಡುವ ತೆರಿಗೆ. ಅದನ್ನು ಕೊನೆಗೆ ಕೊಡುವವರು ಯಾರು? ಬಹುಪಾಲು ನಾವೇ, ಕೊಳ್ಳುವವರು.

ಅಡಿಕೆಗೆ ಒಂದು ಸೇರು, ಪ್ಯಾನೆಲ್ಲಿಗೆ ಒಂದು ಸೇರು

ಇಷ್ಟು ಹೇಳುವಾಗ ತರಗತಿಯಲ್ಲಿದ್ದ ಅಣ್ಣ ಒಬ್ಬರು ಎದ್ದರು. "ಅಗ್ಗದಲ್ಲಿ ಸಿಗುವುದನ್ನು ಬೇಡ ಅನ್ನುವುದು ಯಾಕೆ ಟೀಚರೇ? ಚೀನಾದವ ಕೊಟ್ಟರೆ ಕೊಡಲಿ, ಬಡವನಿಗೆ ಲಾಭ ಅಲ್ಲವಾ?"

ಮಾತು ಸರಿಯೇ. ಆಗ ಅಕ್ಕ ಕೇಳಿದರು: "ಹಾಗಾದರೆ ಅಡಿಕೆ?"

ಎಲ್ಲರೂ ಸುಮ್ಮನಾದರು.

ಹೊರದೇಶದಿಂದ ಅಗ್ಗದ ಅಡಿಕೆ ಬರಬಾರದು ಎಂದು ಕೇಳುವವರು ನಾವೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರುವಂತಿಲ್ಲ. ನಮಗೆ ಸಂತೋಷ ಆಯಿತು. ಅಡಿಕೆ ಕೊಳ್ಳುವವನಿಗೆ ಸಂತೋಷ ಆಯಿತೇ?

ಮಾರುವಾಗ ನಮಗೆ ರಕ್ಷಣೆ ಬೇಕು. ಕೊಳ್ಳುವಾಗ ಅಗ್ಗ ಬೇಕು. ಮಾರಲು ಒಂದು ಸೇರು, ಕೊಳ್ಳಲು ಒಂದು ಸೇರು. ಮನುಷ್ಯರು ಹೀಗೆ. ದೇಶಗಳೂ ಹೀಗೆಯೇ.

ಜಿನೀವಾದ ಪಂಚಾಯತಿ ಕಟ್ಟೆ

ಊರಿನಲ್ಲಿ ಜಗಳ ಆದರೆ ಪಂಚಾಯತಿ ಮಾಡುತ್ತಾರೆ. ದೇಶಗಳ ವ್ಯಾಪಾರದ ಜಗಳಕ್ಕೂ ಒಂದು ಕಟ್ಟೆ ಉಂಟು. ಅದು ವಿಶ್ವ ವ್ಯಾಪಾರ ಸಂಸ್ಥೆ. 1995ರ ಜನವರಿ 1ರಂದು ಆರಂಭವಾಯಿತು. ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ನಗರದಲ್ಲಿದೆ. ಭಾರತ ಮೊದಲ ದಿನದಿಂದಲೂ ಅದರ ಸದಸ್ಯ.

ಭಾರತ 2010ರಲ್ಲಿ ರಾಷ್ಟ್ರೀಯ ಸೋಲಾರ್ ಮಿಷನ್ ಆರಂಭಿಸಿತು. ಸೋಲಾರ್ ಕರೆಂಟನ್ನು ಸರಕಾರ ಒಪ್ಪಂದ ಮಾಡಿಕೊಂಡು ಕೊಳ್ಳುತ್ತಿತ್ತು. ಅದರಲ್ಲಿ ಕೆಲವು ಕಡೆ 'ಭಾರತದ ಸೆಲ್, ಪ್ಯಾನೆಲ್ಲೇ ಹಾಕಬೇಕು' ಎಂಬ ಷರತ್ತು ಇತ್ತು. ಅದೇ ಡಿ.ಸಿ.ಆರ್. 2013ರ ಫೆಬ್ರವರಿಯಲ್ಲಿ ಅಮೆರಿಕ ಜಿನೀವಾದಲ್ಲಿ ದೂರು ಕೊಟ್ಟಿತು. 'ನಮ್ಮ ಸೆಲ್ಲಿಗೆ ಒಂದು ನ್ಯಾಯ, ನಿಮ್ಮ ಸೆಲ್ಲಿಗೆ ಒಂದು ನ್ಯಾಯವೇ?' ಎಂಬುದು ದೂರು.

ಭಾರತ ಹೇಳಿತು: "ಇದು ಸರಕಾರದ ಖರೀದಿ. ಸರಕಾರ ತನಗೆ ಬೇಕಾದ್ದನ್ನು ತನ್ನವರಿಂದ ಕೊಳ್ಳಬಹುದು ಎಂದು ನಿಯಮವೇ ಇದೆ."

ಪಂಚರು ಒಪ್ಪಲಿಲ್ಲ. "ನೀವು ಕೊಂಡದ್ದು ಕರೆಂಟು. ಷರತ್ತು ಹಾಕಿದ್ದು ಸೆಲ್ಲಿಗೆ" ಎಂದರು. ಶಾಲೆಯವರು ಬಿಸಿಯೂಟ ಕೊಂಡರೆ, ಅಡುಗೆ ಮಾಡಿದ ಪಾತ್ರೆಯನ್ನೂ ಕೊಂಡ ಹಾಗೆ ಆಗುತ್ತದೆಯೇ? ಆಗುವುದಿಲ್ಲ. ತೀರ್ಪಿನ ತಾತ್ಪರ್ಯ ಇಷ್ಟೇ. 2016ರ ಫೆಬ್ರವರಿಯಲ್ಲಿ ಭಾರತ ಸೋತಿತು. ಮೇಲ್ಮನವಿ ಮಾಡಿತು. ಸೆಪ್ಟೆಂಬರಿನಲ್ಲಿ ಅಲ್ಲೂ ಸೋತಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಭಾರತ ಅಮೆರಿಕದ ಮೇಲೆ ದೂರು ಕೊಟ್ಟಿತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿಷಿಗನ್ ಸೇರಿ ಅಮೆರಿಕದ ಎಂಟು ರಾಜ್ಯಗಳಲ್ಲಿ ಸ್ಥಳೀಯ ವಸ್ತು ಹಾಕಿದವರಿಗೆ ಹೆಚ್ಚಿನ ಸಹಾಯ ಇತ್ತು. ನಮಗೆ ತಪ್ಪು ಎಂದದ್ದನ್ನು ಅವರೂ ಮಾಡುತ್ತಿದ್ದರು! 2019ರ ಜೂನಿನಲ್ಲಿ ತೀರ್ಪು ಭಾರತದ ಕಡೆಗೆ ಬಂತು. ಅಮೆರಿಕ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳುವವರೇ ಇಲ್ಲವಾದರು. ಹೊಸ ನ್ಯಾಯಾಧೀಶರ ನೇಮಕಕ್ಕೆ ಅಮೆರಿಕವೇ ಅಡ್ಡಿ ಮಾಡಿದ್ದರಿಂದ 2019ರ ಡಿಸೆಂಬರಿನಲ್ಲಿ ಆ ಪೀಠದ ಕೆಲಸ ನಿಂತುಹೋಯಿತು. ಕೊನೆಗೆ 2023ರಲ್ಲಿ ಎರಡು ದೇಶಗಳು ಕೂತು ಮಾತಾಡಿ, ಈ ಎರಡು ದೂರು ಸೇರಿ ಆರು ತಕರಾರುಗಳನ್ನು ಮುಗಿಸಿಕೊಂಡವು.

ಈಗ ಭಾರತದ ಕಾರ್ಖಾನೆಗಳೂ ಬೆಳೆದಿವೆ. 2025ರ ಆಗಸ್ಟಿನ ಹೊತ್ತಿಗೆ ವರ್ಷಕ್ಕೆ 1,00,000 ಮೆಗಾವಾಟ್ ಪ್ಯಾನೆಲ್ ಮಾಡುವ ಶಕ್ತಿ ನಮ್ಮ ದೇಶಕ್ಕೆ ಬಂತು. ಬೆಳೆದ ಹಾಗೆ ದೂರೂ ಬಂತು. ಅದೇ ತಿಂಗಳು ಅಮೆರಿಕ, 'ಭಾರತದ ಸೋಲಾರಿಗೆ ಸರಕಾರದ ಸಬ್ಸಿಡಿ ಉಂಟು, ಅಗ್ಗಕ್ಕೆ ಸುರಿಯುತ್ತಾರೆ' ಎಂಬ ದೂರಿನ ತನಿಖೆ ಆರಂಭಿಸಿತು. 2025ರ ಅಕ್ಟೋಬರಿನಲ್ಲಿ ಚೀನಾ, ಭಾರತದ ಬ್ಯಾಟರಿ ಮತ್ತು ಕರೆಂಟು ವಾಹನಗಳ ಸಹಾಯಧನದ ಮೇಲೆ ಜಿನೀವಾದಲ್ಲಿ ದೂರು ಕೊಟ್ಟಿತು. ಡಿಸೆಂಬರಿನಲ್ಲಿ ಸೋಲಾರ್ ಸಹಾಯಧನದ ಮೇಲೂ ದೂರು ಕೊಟ್ಟಿತು. ಯಾರ ಮೇಲೆ ಎಲ್ಲರೂ ಸಬ್ಸಿಡಿಯ ದೂರು ಹೇಳುತ್ತಿದ್ದರೋ ಅವರೇ ಈಗ ದೂರು ಹೇಳುವವರು!

ಹಣದ ಬೆಲೆಯ ಜಗಳ

"ಇಷ್ಟೇನಾ ಟೀಚರೇ?" ಎಂದರು ಅಕ್ಕ. ಇಷ್ಟೇ ಅಲ್ಲ. ಇನ್ನೊಂದು ಜಗಳ ಉಂಟು. ಅದು ದುಡ್ಡಿನ ಬೆಲೆಯದ್ದು.

ಅಕ್ಕನ ಗೇರುಬೀಜದ ಕಾರ್ಖಾನೆಯನ್ನೇ ನೋಡುವ. ಉಡುಪಿ, ಕಾರ್ಕಳದ ಕಾರ್ಖಾನೆಗಳಿಗೆ ಆಫ್ರಿಕಾದ ದೇಶಗಳಿಂದಲೂ ಹಸಿ ಗೇರುಬೀಜ ಬರುತ್ತದೆ. ತಿರುಳು ಹೊರದೇಶಕ್ಕೂ ಹೋಗುತ್ತದೆ. ಈ ವ್ಯಾಪಾರ ಎಲ್ಲ ಡಾಲರಿನಲ್ಲಿ. ಒಂದು ಕಿಲೋ ತಿರುಳಿನ ಬೆಲೆ 720 ರೂಪಾಯಿ ಎನ್ನಿ. ಒಂದು ಡಾಲರಿಗೆ 80 ರೂಪಾಯಿ ಇದ್ದರೆ ಹೊರದೇಶದವನಿಗೆ ಅದು 9 ಡಾಲರ್. ಒಂದು ಡಾಲರಿಗೆ 90 ರೂಪಾಯಿ ಆದರೆ 8 ಡಾಲರ್. ನಮ್ಮ ತಿರುಳು ಅವನಿಗೆ ಅಗ್ಗವಾಯಿತು. ಹೆಚ್ಚು ಕೊಳ್ಳುತ್ತಾನೆ. ಆದರೆ ನಾವು ತರಿಸುವ ಹಸಿ ಬೀಜ ತುಟ್ಟಿಯಾಯಿತು.

ರೂಪಾಯಿ ಇಳಿದರೆ ಮಾರುವವರಿಗೆ ಅನುಕೂಲ, ತರಿಸುವವರಿಗೆ ನಷ್ಟ. 2015ರಲ್ಲಿ ಡಾಲರಿಗೆ 60ರಿಂದ 70 ರೂಪಾಯಿಯ ನಡುವೆ ಇತ್ತು. 2025ರ ಡಿಸೆಂಬರಿನಲ್ಲಿ 90 ದಾಟಿತು. ದುಬೈಯ ದಿರ್ಹಮನ್ನು ಡಾಲರಿಗೆ ಕಟ್ಟಿ ಹಾಕಿದ್ದಾರೆ. ಒಂದು ಡಾಲರಿಗೆ ಸುಮಾರು 3.67 ದಿರ್ಹಮ್. ಹಾಗಾಗಿ ಡಾಲರ್ ಏರಿದರೆ ಅಕ್ಕನ ಮಗ ಕಳಿಸುವ ದಿರ್ಹಮಿಗೂ ಹೆಚ್ಚು ರೂಪಾಯಿ ಸಿಗುತ್ತದೆ. ಆದರೆ ಹೊರಗಿನಿಂದ ಬರುವ ಸೆಲ್, ಎಣ್ಣೆ, ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲು, ಎಲ್ಲವೂ ತುಟ್ಟಿ.

ಒಂದು ದೇಶ ಬೇಕೆಂದೇ ತನ್ನ ಹಣದ ಬೆಲೆಯನ್ನು ತಗ್ಗಿಸಿ ಇಟ್ಟರೆ? ಆಗ ಅದರ ಎಲ್ಲ ವಸ್ತುಗಳೂ ಹೊರಗೆ ಅಗ್ಗ. ಸಬ್ಸಿಡಿ ಕೊಟ್ಟ ಹಾಗೆಯೇ ಆಯಿತು ಎಂದು ಬೇರೆ ದೇಶಗಳು ದೂರುತ್ತವೆ. ಇದಕ್ಕೆ ಹಣದ ಬೆಲೆ ತಿರುಚುವುದು ಎನ್ನುತ್ತಾರೆ. ಚೀನಾ 2005ರ ಜುಲೈವರೆಗೆ ಹಲವು ವರ್ಷ ತನ್ನ ಯುವಾನನ್ನು ಡಾಲರಿಗೆ ಸುಮಾರು 8.28ರಲ್ಲೇ ಹಿಡಿದಿಟ್ಟಿತ್ತು. 2019ರ ಆಗಸ್ಟಿನಲ್ಲಿ ಅಮೆರಿಕ ಚೀನಾಕ್ಕೆ 'ತಿರುಚುವ ದೇಶ' ಎಂದು ಹೆಸರಿಟ್ಟಿತು. 2020ರ ಜನವರಿಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಭಾರತದ ಹೆಸರನ್ನೂ ಅಮೆರಿಕ 2018ರಲ್ಲಿ 'ಕಣ್ಣಿಟ್ಟು ನೋಡಬೇಕಾದವರ' ಪಟ್ಟಿಗೆ ಸೇರಿಸಿತು. 2019ರಲ್ಲಿ ತೆಗೆಯಿತು, 2020ರಲ್ಲಿ ಮತ್ತೆ ಸೇರಿಸಿತು, 2022ರಲ್ಲಿ ಮತ್ತೆ ತೆಗೆಯಿತು.

ನಮ್ಮ ರಿಸರ್ವ್ ಬ್ಯಾಂಕ್ ಡಾಲರ್ ಕೊಳ್ಳುವುದು ನಿಜ. ಯಾಕೆ? ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ಮಳೆ ಹೋದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತೇವೆ. ಬೇಸಗೆಯಲ್ಲಿ ಆ ನೀರೇ ಬಾವಿಗೂ ತೋಟಕ್ಕೂ ಆಸರೆ. ರಿಸರ್ವ್ ಬ್ಯಾಂಕೂ ಡಾಲರ್ ಹರಿದು ಬರುವಾಗ ಕಟ್ಟಿಡುತ್ತದೆ, ಕೊರತೆ ಬಂದಾಗ ಬಿಡುತ್ತದೆ. 1991ರಲ್ಲಿ ಕಟ್ಟದಲ್ಲಿ ನೀರೇ ಇರಲಿಲ್ಲ. ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ದೇಶ ಚಿನ್ನ ಅಡವಿಟ್ಟಿತು. ಜುಲೈಯಲ್ಲಿ ರೂಪಾಯಿಯ ಬೆಲೆ ಇಳಿಸಬೇಕಾಯಿತು. ಆ ಪಾಠ ಮರೆಯುವಂತಿಲ್ಲ.

ಆದರೆ ಕಟ್ಟ ಕಟ್ಟುವಾಗ ಕೆಳಗಿನ ತೋಟದವನು ಕೇಳುತ್ತಾನೆ: "ನಿನ್ನ ಆಸರೆಗೆ ಕಟ್ಟಿದ್ದಾ, ನನ್ನ ನೀರು ತಪ್ಪಿಸಲಿಕ್ಕಾ?" ಹೊರಗಿನಿಂದ ನೋಡುವಾಗ ಎರಡೂ ಒಂದೇ ಹಾಗೆ ಕಾಣುತ್ತದೆ. ಈ ಜಗಳಕ್ಕೆ ತೀರ್ಪು ಕೊಡುವುದು ಕಷ್ಟವಾಗಿರುವುದು ಅದಕ್ಕೇ.

ಪಾವಗಡದಲ್ಲಿ

ನಮ್ಮ ರಾಜ್ಯದ ತುಮಕೂರು ಜಿಲ್ಲೆಯ ಪಾವಗಡ ಮಳೆ ಕಡಿಮೆಯ ಊರು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಎಂದು ನಿಗದಿಯಾಯಿತು. ಒಣಭೂಮಿಯ ರೈತರಿಗೆ ಅದು ಆಸರೆ. ಆದರೆ ಜಮೀನು ಇಲ್ಲದ ಕೂಲಿಯವರಿಗೆ ಗುತ್ತಿಗೆ ದುಡ್ಡು ಇಲ್ಲ, ಹೊಲದ ಕೆಲಸವೂ ಹೋಯಿತು. ದೇಶಗಳ ಜಗಳದಲ್ಲಿ ಇಂಥವರ ಹೆಸರು ಬರುವುದಿಲ್ಲ. ಯಾವ ಸಹಾಯಧನವನ್ನೇ ಆಗಲಿ ಅಳೆಯುವಾಗ ಕೇಳಬೇಕು: ಯಾರಿಗೆ ಸಿಕ್ಕಿತು? ಯಾರಿಗೆ ತಪ್ಪಿತು?

ಅಕ್ಕ ಏನು ಮಾಡಿದರು?

ಮರುದಿನ ಅಕ್ಕ ಎರಡನೇ ಕಾಗದ ಕೊಟ್ಟ ಅಂಗಡಿಗೆ ಹೋದರು. "ಇದಕ್ಕೆ ಸಹಾಯಧನ ಬರ್ತದೆ ಅಂತ ಬರೆದು ಕೊಡಿ" ಎಂದರು. ಅಂಗಡಿಯವರು ಬರೆದು ಕೊಡಲಿಲ್ಲ. ಅಕ್ಕ ಸಹಿ ಹಾಕಲಿಲ್ಲ.

ಮೊದಲನೇ ಅಂಗಡಿಯವರಲ್ಲೂ ಅಕ್ಕ ಕೇಳಿದರು. ಅಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಸಹಾಯಧನ ಮೊದಲೇ ಸಿಗುವುದಿಲ್ಲ. ಸೋಲಾರ್ ಹಾಕಿ, ಮೆಸ್ಕಾಂನವರು ನೋಡಿ ಒಪ್ಪಿದ ಮೇಲೆ ನಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನಾವೇ ಹೊಂದಿಸಬೇಕು, ಇಲ್ಲವೇ ಸಾಲ ಮಾಡಬೇಕು. ಮಗನ ಹತ್ತಿರ ಮಾತಾಡಿ ಹೇಳುತ್ತೇನೆ ಎಂದು ಅಕ್ಕ ಬಂದರು.

"ಮೊದಲಾದರೆ ಹೆಬ್ಬೆಟ್ಟು ಒತ್ತಿ ಬರ್ತಿದ್ದೆ" ಎಂದು ನಕ್ಕರು. ಆ ನಗು ನಮಗೆ ಮರೆಯುವುದಿಲ್ಲ.

ಜಿನೀವಾದ ತೀರ್ಪು ನಮ್ಮ ಕೈಯಲ್ಲಿ ಇಲ್ಲ. ಡಾಲರಿನ ಬೆಲೆಯೂ ಇಲ್ಲ. ನಮ್ಮ ಕೈಯಲ್ಲಿ ಇರುವುದು ಒಂದು ಕಾಗದ. ಅದನ್ನು ಕೊನೆಯ ಸಾಲಿನವರೆಗೆ ಓದೋಣ.

ನೆನಪಿಡೋಣ

• ಸಹಾಯಧನ ನಮ್ಮದೇ ತೆರಿಗೆಯ ದುಡ್ಡು.
• ದರ ನೋಡುವಾಗ ಸಹಾಯಧನ ಕಳೆದ ಮೇಲಿನ ಮೊತ್ತ ನೋಡಬೇಕು.
• ಪ್ಯಾನೆಲ್ ಎಲ್ಲಿಯದು, ಸೆಲ್ ಎಲ್ಲಿಯದು ಎಂದು ಎರಡನ್ನೂ ಕೇಳಬೇಕು.
• ಬಾಯಿಮಾತು ಸಾಲದು. ಬರೆಸಿಕೊಳ್ಳಬೇಕು.

ಮಾತಾಡೋಣ

1. 2 ಕಿಲೋವಾಟ್ ಡಿ.ಸಿ.ಆರ್. ಸೋಲಾರಿಗೆ 1,40,000 ರೂಪಾಯಿ ದರ ಹೇಳಿದರೆ, ಸಹಾಯಧನ ಕಳೆದು ಎಷ್ಟು ಉಳಿಯುತ್ತದೆ?
2. ಹೊರಗಿನ ಅಡಿಕೆಗೆ ತಡೆ ಬೇಕು, ಹೊರಗಿನ ಸೋಲಾರ್ ಮಾತ್ರ ಅಗ್ಗದಲ್ಲಿ ಬರಲಿ ಎನ್ನುವುದು ಸರಿಯೇ? ಯಾಕೆ?
3. ರೂಪಾಯಿಯ ಬೆಲೆ ಇಳಿದರೆ ನಿಮ್ಮ ಮನೆಗೆ ಲಾಭವೋ ನಷ್ಟವೋ? ಎರಡನ್ನೂ ಬರೆಯಿರಿ.